ಫೈನ್‌ಮನ್ ಹೇಳಿದ್ದೆಲ್ಲ ನಿಜವಾ, ಬರೀ ಜಂಭವಾ?

ಪ್ರಶ್ನೆ: ನಾನು ಹೊಳೆನರಸೀಪುರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಾವು ಕೆಲವರು ತಿಂಗಳಿಗೊಂದು ಭಾನುವಾರ ಹಾಸನದಲ್ಲಿ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ತಮಾಷೆಯ ಆತ್ಮಕಥೆ ‘ಶ್ಯೂರ್ಲಿ ಯೂ ಆರ್ ಜೋಕಿಂಗ್, ಮಿಸ್ಟರ್ ಫೈನ್‌ಮನ್’ ಇಟ್ಟುಕೊಂಡಿದ್ದೆವು. ಜಗಳವೇ ಆಗಿಹೋಯಿತು. ಇಂಜಿನಿಯರಿಂಗ್ ಓದುವ ಹುಡುಗನಿಗೆ ಫೈನ್‌ಮನ್ ಅಂದರೆ ದೇವರು. ಬ್ಯಾಂಕಿನಿಂದ ರಿಟೈರ್ ಆದವರೊಬ್ಬರು ‘ಪುಟಪುಟಕ್ಕೂ ನಾನು, ನಾನು. ಅರ್ಧ ಕಟ್ಟುಕತೆ ಇರಬೇಕು’ ಎಂದರು. ಸಕಲೇಶಪುರದ ಕಾಫಿ ತೋಟದ ಹಿರಿಯರು ‘ಅಣುಬಾಂಬ್ ಮಾಡುವ ಜಾಗದಲ್ಲಿ ಬೀಗ ತೆಗೆಯುವ ಹುಡುಗಾಟವಾ?’ ಎಂದು ಬೇಸರಪಟ್ಟುಕೊಂಡರು. ನನಗೆ ಹೆಂಗಸರ ಬಗ್ಗೆ ಬರೆದ ಅಧ್ಯಾಯ ಓದಿ ಮೈ ಉರಿಯಿತು. ಯಾರು ಸರಿ ಸರ್? ನನ್ನ ಮಗಳು ಸೆಕೆಂಡ್ ಪಿಯುಸಿ, ಸೈನ್ಸ್. ಅವಳಿಗೆ ಈ ಪುಸ್ತಕ ಕೊಡಬಹುದಾ?

ಉತ್ತರ:

ಮೇಡಂ, ಎಲ್ಲರೂ ಅವರವರ ಮಟ್ಟಿಗೆ ಸರಿ ಅಂತ ಹೇಳಿ ನಾನು ನುಣುಚಿಕೊಳ್ಳಬಹುದು. ಹಾಗೆ ಮಾಡುವುದಿಲ್ಲ. ಬ್ಯಾಂಕಿನವರು ಅರ್ಧ ಸರಿ. ನೀವು ಪೂರ್ತಿ ಸರಿ. ತೋಟದ ಹಿರಿಯರು ಅಣುಬಾಂಬಿನ ಅಧ್ಯಾಯವನ್ನು ಕೊನೆಯವರೆಗೆ ಓದಿಲ್ಲ ಅನಿಸುತ್ತದೆ. ಆ ಹುಡುಗ ಒಳ್ಳೆಯ ಪುಸ್ತಕವನ್ನೇ ಮೆಚ್ಚಿದ್ದಾನೆ, ಆದರೆ ಮೆಚ್ಚಿದ ಕಾರಣ ತಪ್ಪು. ಮಗಳಿಗೆ ಖಂಡಿತ ಕೊಡಿ. ಹೇಗೆ ಕೊಡಬೇಕು ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಈ ಪುಸ್ತಕವನ್ನು ಫೈನ್‌ಮನ್ ಕೂತು ಬರೆದಿಲ್ಲ. ಅವರಿಗೆ ಡ್ರಮ್ ಬಾರಿಸುವ ಹುಚ್ಚಿತ್ತು. ಜೊತೆಗೆ ಬಾರಿಸುತ್ತಿದ್ದವರು ರಾಲ್ಫ್ ಲೇಟನ್. ಏಳು ವರ್ಷಗಳ ಆ ಒಡನಾಟದಲ್ಲಿ ಫೈನ್‌ಮನ್ ಆಗಾಗ ಹೇಳಿದ ಕತೆಗಳನ್ನು ಲೇಟನ್ ಟೇಪಿನಲ್ಲಿ ಹಿಡಿದಿಟ್ಟರು, ಆಮೇಲೆ ಅಕ್ಷರಕ್ಕೆ ಇಳಿಸಿದರು. ಎಡ್ವರ್ಡ್ ಹಚಿಂಗ್ಸ್ ಸಂಪಾದಿಸಿದರು. ಪುಸ್ತಕ ಬಂದಿದ್ದು 1985ರಲ್ಲಿ, ಫೈನ್‌ಮನ್ ತೀರಿಕೊಂಡಿದ್ದು 1988ರಲ್ಲಿ. ಅಂದರೆ ಅರವತ್ತು ದಾಟಿದವರು ನಲವತ್ತು ವರ್ಷ ಹಿಂದಿನದನ್ನು ಗೆಳೆಯನ ಮುಂದೆ ಹೇಳಿಕೊಂಡ ಮಾತುಗಳು ಇವು. ಅರಳಿಕಟ್ಟೆ ಮೇಲೆ ಕೂತು ಕತೆ ಹೇಳುವವರು ನಮ್ಮಲ್ಲೂ ಇದ್ದರಲ್ಲ, ಅದೇ ಜಾತಿ. ಅದೇ ಕತೆಯನ್ನು ಹತ್ತನೇ ಸಲ ಹೇಳುವಾಗ ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಅನ್ನುವುದು ಹೇಳುವವರಿಗೆ ಗೊತ್ತಾಗಿರುತ್ತದೆ. ಸುಳ್ಳು ಸೇರಿಸಬೇಕಾಗಿಲ್ಲ. ನಗು ತರದ ಭಾಗ ತಾನಾಗೇ ಉದುರಿಹೋಗುತ್ತದೆ, ಅಷ್ಟೇ.

ಇದನ್ನು ಜೀವನಚರಿತ್ರೆ ಅಂದುಕೊಂಡು ಓದಿದವರು ಸಿಟ್ಟಾಗುತ್ತಾರೆ. ಕತೆ ಅಂದುಕೊಂಡು ಓದಿದವರು ನಕ್ಕು ಸುಮ್ಮನಾಗುತ್ತಾರೆ. ನಾನು ಹಾಸನದಲ್ಲಿ ಬಿಎಸ್ಸಿ ಮಕ್ಕಳಿಗೆ ಫಿಸಿಕ್ಸ್ ಹೇಳುವಾಗಲೂ ಹೀಗೇ ಆಗುತ್ತಿತ್ತು. ಬೀಗ ತೆಗೆದ ಕತೆ ಎಲ್ಲರಿಗೂ ನೆನಪಿರುತ್ತಿತ್ತು. ಕೊನೆಯ ಅಧ್ಯಾಯ ಓದಿದವರು ಕಡಿಮೆ.

ಜಂಭದ ಮಾತಿಗೆ ಬರೋಣ. ಹಾಸ್ಯದಲ್ಲಿ ನಮಗೆ ಬೇರೆ ರುಚಿ ಹತ್ತಿದೆ. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರನ್ನು ನೋಡಿ. ನಗು ಹುಟ್ಟುವುದು ಊರಿನ ನಡುವೆ, ಗೊರೂರರು ಪಕ್ಕಕ್ಕೆ ಸರಿದು ನಿಂತಿರುತ್ತಾರೆ. ವಿಜ್ಞಾನಿಯ ಹಾಸ್ಯವೇ ಬೇಕೆಂದರೆ ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಅಲ್ಲಿ ಮೇಷ್ಟ್ರು, ಶಿಷ್ಯರು, ಗಿಡಮರ ಎಲ್ಲರಿಗೂ ಪಾಲಿದೆ. ಪಕ್ಕದ ಮೂಡಿಗೆರೆಯ ತೇಜಸ್ವಿಯವರ ‘ಕರ್ವಾಲೋ’ ಓದಿ ಮುಗಿಸಿದರೆ ವಿಜ್ಞಾನಿಗಿಂತ ಮಂದಣ್ಣನೇ ಮನಸ್ಸಿನಲ್ಲಿ ಉಳಿಯುತ್ತಾನೆ. ಇದಕ್ಕೆ ಒಗ್ಗಿದವರಿಗೆ ಫೈನ್‌ಮನ್ ಒರಟಾಗಿ ಕಾಣುತ್ತಾರೆ. ಪ್ರತಿ ಕತೆಯ ನಡುವೆಯೂ ಅವರೇ. ಶುರುವಿನಲ್ಲಿ ಪೆದ್ದ, ಕೊನೆಗೆ ಗೆದ್ದವ. ನಿಮ್ಮ ಬ್ಯಾಂಕಿನವರಿಗೆ ರೇಗಿದ್ದು ಅದಕ್ಕೇ.

ಆದರೆ ಎರಡು ಕತೆಗಳನ್ನು ಅವರಿಗೆ ಮತ್ತೆ ಓದಲು ಹೇಳಿ. ಅಣುಬಾಂಬಿಗೆ ಯುರೇನಿಯಂ ತಯಾರಿಸುತ್ತಿದ್ದ ಓಕ್ ರಿಡ್ಜ್ ಕಾರ್ಖಾನೆಯಲ್ಲಿ ಇಂಜಿನಿಯರುಗಳು ದೊಡ್ಡ ನಕ್ಷೆ ಹರಡಿ ವಿವರಿಸುತ್ತಿದ್ದಾರೆ. ಫೈನ್‌ಮನ್‌ಗೆ ನಕ್ಷೆ ಓದಲು ಬರುವುದಿಲ್ಲ. ಒಂದು ಗುರುತು ಕಾಣುತ್ತದೆ. ಅದು ವಾಲ್ವಾ, ಕಿಟಕಿಯಾ ಅನ್ನುವುದೂ ಗೊತ್ತಿಲ್ಲ. ಅದರ ಮೇಲೆ ಬೆರಳಿಟ್ಟು, ‘ಈ ವಾಲ್ವ್ ಸಿಕ್ಕಿಹಾಕಿಕೊಂಡರೆ ಏನಾಗುತ್ತದೆ?’ ಎಂದು ಕೇಳುತ್ತಾರೆ. ಕಿಟಕಿಯಾಗಿದ್ದರೆ ಯಾರಾದರೂ ಹೇಳಿಬಿಡುತ್ತಾರೆ ಅನ್ನುವ ಲೆಕ್ಕ. ಇಂಜಿನಿಯರುಗಳು ನಕ್ಷೆ ನೋಡುತ್ತಾರೆ, ಮುಖ ಮುಖ ನೋಡಿಕೊಳ್ಳುತ್ತಾರೆ, ‘ಹೌದು ಸರ್, ತೊಂದರೆ ಇದೆ’ ಅನ್ನುತ್ತಾರೆ. ಅಲ್ಲಿಂದ ಅವರು ಮಹಾಮೇಧಾವಿ. ಈ ಹೆಸರು ಹೇಗೆ ಬಂತು ಅಂತ ಅವರೇ ಬಾಯಿಬಿಟ್ಟಿದ್ದಾರೆ. ಬರೀ ಜಂಭದವರಾಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು, ಅಲ್ವಾ?

ಇನ್ನೊಂದು, ಅಮೆರಿಕ ಅಣುಬಾಂಬ್ ರೂಪಿಸಿದ ಲಾಸ್ ಅಲಮೋಸ್‌ನ ಬೀಗದ ಕತೆ. ಅಲ್ಲಿದ್ದ ವೃತ್ತಿಪರ ಬೀಗದವರೊಬ್ಬರು ಒಂದು ಭಾರಿ ಸೇಫನ್ನು ತೆಗೆದರು ಅಂತ ಸುದ್ದಿ. ಫೈನ್‌ಮನ್ ಅವರ ಸ್ನೇಹ ಮಾಡಿಕೊಂಡು ಗುಟ್ಟು ಕೇಳಲು ಹೋಗುತ್ತಾರೆ. ನೋಡಿದರೆ ಆತ ಫೈನ್‌ಮನ್ ಅವರನ್ನೇ ದೊಡ್ಡ ನಿಪುಣ ಅಂದುಕೊಂಡಿದ್ದಾನೆ! ಆತನ ಗುಟ್ಟು ಇಷ್ಟೇ: ಕಾರ್ಖಾನೆಯಿಂದ ಬರುವಾಗ ಬೀಗಕ್ಕೆ ಒಂದು ಮಾಮೂಲಿ ನಂಬರು ಇಟ್ಟಿರುತ್ತಾರೆ, ಜನ ಅದನ್ನು ಬದಲಾಯಿಸುವುದೇ ಇಲ್ಲ. ಆಮೇಲೆ ಫೈನ್‌ಮನ್ ಸುತ್ತಿ ನೋಡಿದರೆ ಐದಕ್ಕೊಂದು ಸೇಫ್ ಹಾಗೇ ಇತ್ತಂತೆ. ಮೊಬೈಲಿಗೆ 1234 ಅಂತ ಪಿನ್ ಇಟ್ಟುಕೊಳ್ಳುವ ನಾವು ಇದಕ್ಕೆ ಜಾಸ್ತಿ ನಗುವ ಹಾಗಿಲ್ಲ.

ಹಾಗಾದರೆ ಕಟ್ಟುಕತೆ ಅಂತ ಬ್ಯಾಂಕಿನವರು ಅನುಮಾನಪಟ್ಟಿದ್ದು? ಇದಕ್ಕೆ ಗಟ್ಟಿ ಆಧಾರವೇ ಇದೆ. ಅವರು ಪಾಠ ಮಾಡುತ್ತಿದ್ದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಯಾರೋ ಒಂದು ತಟ್ಟೆಯನ್ನು ಮೇಲಕ್ಕೆ ಎಸೆದರು. ಅದು ತಿರುಗುತ್ತಲೂ ಇತ್ತು, ಓಲಾಡುತ್ತಲೂ ಇತ್ತು. ತಟ್ಟೆ ಮೇಲಿನ ಲಾಂಛನ ಎರಡು ಸುತ್ತು ತಿರುಗುವಷ್ಟರಲ್ಲಿ ಓಲಾಟ ಒಂದು ಸುತ್ತು ಅಂತ ಪುಸ್ತಕದಲ್ಲಿದೆ. ನಿಜ ಇದಕ್ಕೆ ತಿರುಗುಮುರುಗು. ಓಲಾಟ ಸಣ್ಣದಾಗಿದ್ದರೆ ತಟ್ಟೆ ಒಂದು ಸುತ್ತು ತಿರುಗುವಷ್ಟರಲ್ಲಿ ಓಲಾಟ ಎರಡು ಸುತ್ತು ಆಗುತ್ತದೆ. ಫೈನ್‌ಮನ್ ತೀರಿಕೊಂಡ ಮರುವರ್ಷವೇ ಓದುಗರೊಬ್ಬರು ಭೌತವಿಜ್ಞಾನದ ಪತ್ರಿಕೆಗೆ ಬರೆದು ಇದನ್ನು ತೋರಿಸಿದರು. ನೀವೂ ನೋಡಬಹುದು. ಸ್ಟೀಲ್ ತಟ್ಟೆಯ ಅಂಚಿಗೆ ಒಂದು ಬಿಂದಿ ಅಂಟಿಸಿ, ಸ್ವಲ್ಪ ಓಲುವ ಹಾಗೆ ತಿರುಗಿಸಿ ಎಸೆಯಿರಿ, ಮೊಬೈಲಿನಲ್ಲಿ ಸ್ಲೋ ಮೋಷನ್ ಹಿಡಿಯಿರಿ. ಚಪ್ಪಟೆ ತಟ್ಟೆಗೆ ನಡುವಿನ ಅಕ್ಷದ ಸುತ್ತಲಿನ ಜಡತ್ವ, ಅಂದರೆ ತಿರುಗಿಸಲು ಹೋದರೆ ಒಡ್ಡುವ ತಡೆ, ಅಡ್ಡ ಅಕ್ಷದ್ದರ ಎರಡರಷ್ಟು ಇರುತ್ತದೆ. ಆ ಎರಡೇ ಇಲ್ಲಿ ಕಾಣುವ ಎರಡು. ನಮ್ಮ ಹಾಸನದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರ ಎಂಸಿಎಫ್‌ನವರು ನೋಡಿಕೊಳ್ಳುವಂಥ ಉಪಗ್ರಹಗಳಿಗೂ ಇದೇ ಗಣಿತ ಬೇಕು. ಆಟದ ತಟ್ಟೆ ಅಂತ ಕಡೆಗಣಿಸಬೇಡಿ.

ಲೆಕ್ಕ ಮಾಡಿದವರೇ ನಲವತ್ತು ವರ್ಷದ ಮೇಲೆ ಉತ್ತರವನ್ನು ಉಲ್ಟಾ ನೆನಪಿಟ್ಟುಕೊಂಡರು ನೋಡಿ. ಮೋಸ ಮಾಡುವ ಉದ್ದೇಶ ಇಲ್ಲ, ನೆನಪು ಹಾಗೇ. ಆ ತಟ್ಟೆಯಾಟದಿಂದಲೇ ನೊಬೆಲ್ ಬಂತು ಅಂತಲೂ ಅವರು ಹೇಳುತ್ತಾರೆ. ಕೇಳಲು ಚೆಂದ. 1965ರ ನೊಬೆಲ್ ಅವರಿಗೆ ಷ್ವಿಂಗರ್ ಮತ್ತು ಟೊಮೊನಾಗ ಜೊತೆ ಬಂತು. ಆ ಕೆಲಸದ ಬೇರು ಪ್ರಿನ್ಸ್‌ಟನ್‌ನಲ್ಲಿ 1942ರಲ್ಲಿ ಮುಗಿಸಿದ ಪಿಎಚ್‌ಡಿಯಲ್ಲೇ ಇತ್ತು. ತಟ್ಟೆ ಅವರಿಗೆ ಹೋಗಿದ್ದ ಉತ್ಸಾಹವನ್ನು ವಾಪಸ್ ಕೊಟ್ಟಿತು ಅಂದರೆ ಒಪ್ಪಬಹುದು.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ, ನಮಗೆ ಸಂಬಂಧಪಟ್ಟದ್ದು. ಬೀಟಾ ಕ್ಷಯದ, ಅಂದರೆ ಪರಮಾಣುವಿನ ಬೀಜವೊಂದು ಎಲೆಕ್ಟ್ರಾನ್ ಹೊರಹಾಕಿ ಬದಲಾಗುವ ಕ್ರಿಯೆಯ, ನಿಯಮ ಹೊಳೆದ ರಾತ್ರಿಯನ್ನು ಅವರು ತುಂಬಾ ಖುಷಿಯಿಂದ ಹೇಳುತ್ತಾರೆ. ಬೇರೆ ಯಾರಿಗೂ ಗೊತ್ತಿಲ್ಲದ ಪ್ರಕೃತಿ ನಿಯಮವೊಂದು ತನಗೆ ಗೊತ್ತು ಅನ್ನುವ ಸಂಭ್ರಮ. ಆದರೆ ಅದೇ ಸಿದ್ಧಾಂತವನ್ನು ಕೇರಳದ ಇ.ಸಿ.ಜಿ. ಸುದರ್ಶನ್ ತಮ್ಮ ಗುರು ರಾಬರ್ಟ್ ಮಾರ್ಶಾಕ್ ಜೊತೆ ಸೇರಿ ಕಟ್ಟಿದ್ದರು. 1957ರಲ್ಲಿ ಇಟಲಿಯ ಸಮ್ಮೇಳನದಲ್ಲಿ ಮಂಡಿಸಿಯೂ ಆಗಿತ್ತು. ಫೈನ್‌ಮನ್ ಮತ್ತು ಮರ್ರೆ ಗೆಲ್-ಮನ್ ಅವರ ಪ್ರಬಂಧ ಅಚ್ಚಾಗಿದ್ದು 1958ರಲ್ಲಿ. ಮುಂದೆ ಫೈನ್‌ಮನ್ ಅವರೇ ಆ ಇಬ್ಬರ ಪಾಲನ್ನು ಒಪ್ಪಿಕೊಂಡರು. ಪುಸ್ತಕ ಓದಿದವರಿಗೆ ಉಳಿಯುವುದು ಮಾತ್ರ ಆ ರಾತ್ರಿಯ ಸಂಭ್ರಮ. ಸಹಲೇಖಕ ಗೆಲ್-ಮನ್ ಕೂಡ ಸುಮ್ನೆ ಇರಲಿಲ್ಲ. ಫೈನ್‌ಮನ್ ಸತ್ತ ಮೇಲೆ ಬರೆದ ಶ್ರದ್ಧಾಂಜಲಿಯಲ್ಲೇ, ತಮ್ಮ ಬಗ್ಗೆ ತಾವೇ ಕತೆ ಹುಟ್ಟಿಸಿಕೊಳ್ಳಲು ಇವರು ಬಹಳ ಶ್ರಮ ಪಡುತ್ತಿದ್ದರು ಅನ್ನುವ ಅರ್ಥದ ಮಾತು ಬರೆದುಬಿಟ್ಟರು. ಅದರಲ್ಲಿ ಅಸೂಯೆಯೂ ಇರಬಹುದು, ಸತ್ಯವೂ ಇದೆ.

ನಿಮ್ಮ ಸಿಟ್ಟಿನ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ. ಬಾರಿನಲ್ಲಿ ಹೆಂಗಸರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಯಾರೋ ಹೇಳಿಕೊಟ್ಟ ‘ಪಾಠ’ದ ಅಧ್ಯಾಯ ಅದು. ಅವರು ಮನಸ್ಸಿನಲ್ಲೇ ಅಂದುಕೊಂಡ ಮಾತುಗಳು ಕೆಟ್ಟವು. ಆ ಪಾಠವನ್ನು ಆಮೇಲೆ ಬಳಸಲಿಲ್ಲ, ಹಾಗೆ ಮಾಡುವುದು ಹಿಡಿಸಲಿಲ್ಲ ಅಂತ ಕೊನೆಗೆ ಹೇಳುತ್ತಾರೆ, ನಿಜ. ಅದು ಸಾಲದು. ‘ಆ ಕಾಲ ಹಾಗಿತ್ತು’ ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ಕತೆ ಹೇಳಿದ್ದು 1946ರಲ್ಲಿ ಅಲ್ಲ, ಎಪ್ಪತ್ತು ಎಂಬತ್ತರ ದಶಕದಲ್ಲಿ. ಅಷ್ಟು ಹೊತ್ತಿಗೆ ಅವರ ಭಾಷಣದ ಸಭೆಗೇ ಹೆಂಗಸರು ಬಂದು ಪ್ರತಿಭಟನೆ ಮಾಡಿ ಆಗಿತ್ತು.

ಇದೇ ಮನುಷ್ಯನ ಇನ್ನೊಂದು ಮುಖವೂ ಮಗಳಿಗೆ ಗೊತ್ತಿರಲಿ. ತಂಗಿ ಜೋನ್ ಒಂಬತ್ತು ವರ್ಷ ಚಿಕ್ಕವಳು. ಹೆಣ್ಣುಮಕ್ಕಳ ಮಿದುಳಿಗೆ ವಿಜ್ಞಾನ ಆಗುವುದಿಲ್ಲ ಅಂತ ತಾಯಿಯೇ ಹೇಳಿದ್ದರು. ನಡುರಾತ್ರಿ ಆಕೆಯನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಿ ಆಕಾಶದಲ್ಲಿ ಧ್ರುವಪ್ರಭೆ (ಅರೋರಾ ಅನ್ನುವ ಬಣ್ಣದ ಬೆಳಕು) ತೋರಿಸಿದ್ದು ಈ ಅಣ್ಣ. ಖಗೋಳವಿಜ್ಞಾನದ ಪುಸ್ತಕ ತಂದುಕೊಟ್ಟಿದ್ದೂ ಇವರೇ. ಆ ಪುಸ್ತಕದ ಒಂದು ಚಿತ್ರದ ಕೆಳಗೆ ಸಿಸಿಲಿಯಾ ಪೇನ್ ಅನ್ನುವ ಖಗೋಳವಿಜ್ಞಾನಿ ಹೆಂಗಸಿನ ಹೆಸರು ನೋಡಿ ಜೋನ್‌ಗೆ ಧೈರ್ಯ ಬಂತು. ಮುಂದೆ ಧ್ರುವಪ್ರಭೆಯ ಮೇಲೆಯೇ ಕೆಲಸ ಮಾಡಿದ ದೊಡ್ಡ ವಿಜ್ಞಾನಿಯಾದರು, 2020ರಲ್ಲಿ ತೀರಿಕೊಂಡರು. ಅಣ್ಣನಿಗೆ, ‘ಧ್ರುವಪ್ರಭೆ ನನಗೆ ಬಿಡು, ಉಳಿದ ಜಗತ್ತೆಲ್ಲ ನೀನು ತಗೋ’ ಎನ್ನುವ ಅರ್ಥದಲ್ಲಿ ಷರತ್ತು ಹಾಕಿದ್ದರಂತೆ. ಅಣ್ಣ ಅದನ್ನು ಪಾಲಿಸಿದರು. ಇದು ಬಾರಿನ ಅಧ್ಯಾಯವನ್ನು ಅಳಿಸುವುದಿಲ್ಲ. ಅದೂ ಇದನ್ನು ಅಳಿಸುವುದಿಲ್ಲ.

ತೋಟದ ಹಿರಿಯರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಬೀಗದಾಟ ಬರೀ ಆಟವಲ್ಲ. ಬಾಂಬಿನ ಗುಟ್ಟುಗಳೆಲ್ಲ ಇದ್ದ ಡ್ರಾಯರುಗಳ ಬೀಗ ಎಷ್ಟು ದುರ್ಬಲ ಅಂತ ಅವರು ತೋರಿಸಿಕೊಟ್ಟರು. ತೆರೆದಿಟ್ಟ ಸೇಫ್‌ನಿಂದ ಕೊನೆಯ ಎರಡು ನಂಬರು ಕಂಡುಹಿಡಿಯಬಹುದು ಅಂತ ಒಬ್ಬ ಕರ್ನಲ್‌ಗೆ ಎಚ್ಚರಿಸಿದರು. ಕರ್ನಲ್ ಏನು ಮಾಡಿದ? ಸೇಫ್ ಮುಚ್ಚಿಡಿ ಅಂತ ಹೇಳಲಿಲ್ಲ. ಫೈನ್‌ಮನ್ ಯಾರ ಯಾರ ರೂಮಿಗೆ ಹೋಗಿದ್ದರೋ ಅವರೆಲ್ಲ ನಂಬರು ಬದಲಾಯಿಸಿ ಅಂತ ಸುತ್ತೋಲೆ ಹೊರಡಿಸಿದ! ಸರ್ಕಾರಿ ಆಫೀಸು ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನಗಳಲ್ಲೇ ಅವರ ಹೆಂಡತಿ ಆರ್ಲೀನ್ ಆಲ್ಬುಕರ್ಕಿಯ ಆಸ್ಪತ್ರೆಯಲ್ಲಿ ಕ್ಷಯದಿಂದ ಸಾಯುತ್ತಿದ್ದರು. 1945ರ ಜೂನ್‌ನಲ್ಲಿ ಕರೆ ಬಂತು. ಕ್ಲಾಸ್ ಫುಕ್ಸ್ ಅವರ ಕಾರು ಎರವಲು ತೆಗೆದುಕೊಂಡು ಹೊರಟರು, ದಾರಿಯಲ್ಲಿ ಟೈರು ಪಂಕ್ಚರ್ ಆಗುತ್ತಾ ಹೋಯಿತು. ಆ ಫುಕ್ಸ್ ಸೋವಿಯತ್ ಗೂಢಚಾರ ಅಂತ ಬಯಲಾಗಿದ್ದು 1950ರಲ್ಲಿ. ಹೆಂಡತಿ ಹೋದಾಗ ಫೈನ್‌ಮನ್ ಅಳಲಿಲ್ಲ. ಸುಮಾರು ಒಂದು ತಿಂಗಳಾದ ಮೇಲೆ ಅಂಗಡಿಯೊಂದರ ಕಿಟಕಿಯಲ್ಲಿ ಚೆಂದದ ಉಡುಪು ನೋಡಿ, ಇದು ಆರ್ಲೀನ್‌ಗೆ ಇಷ್ಟವಾಗುತ್ತಿತ್ತು ಅನ್ನಿಸಿದಾಗ ಅಳು ಬಂತು. ನಾಲ್ಕೇ ಸಾಲು, ಮುಂದಿನ ಕತೆ ಶುರು. ಬಾಂಬಿನ ಮೊದಲ ಪರೀಕ್ಷೆ ಯಶಸ್ವಿಯಾದ ಸಂಭ್ರಮದಲ್ಲಿ ಜೀಪಿನ ಮೇಲೆ ಕೂತು ಡ್ರಮ್ ಬಾರಿಸಿದ್ದನ್ನೂ ಮುಚ್ಚಿಟ್ಟಿಲ್ಲ. ಆಮೇಲೆ ನ್ಯೂಯಾರ್ಕಿನ ಹೋಟೆಲಿನಲ್ಲಿ ಕೂತು, ಇಲ್ಲಿ ಬಾಂಬ್ ಬಿದ್ದರೆ ಎಲ್ಲಿಯವರೆಗೆ ನಾಶವಾಗುತ್ತದೆ ಅಂತ ಲೆಕ್ಕ ಹಾಕಿದ್ದು, ಸೇತುವೆ ಕಟ್ಟುವವರನ್ನು ಕಂಡು ಇವರಿಗೆ ಹುಚ್ಚಾ, ಯಾಕೆ ಕಟ್ಟುತ್ತಿದ್ದಾರೆ ಅನ್ನಿಸಿದ್ದು, ಎಲ್ಲ ಆ ಅಧ್ಯಾಯದ ಕೊನೆಯಲ್ಲೇ ಇದೆ. ಹಿರಿಯರಿಗೆ ಆ ಪುಟಗಳನ್ನು ಓದಿ ಹೇಳಿ.

ಈಗ ನಿಮಗೂ ನನಗೂ ಬೇಕಾದ ಭಾಗ, ಮೇಷ್ಟ್ರುಗಳ ಭಾಗ. ನನ್ನ ಮಟ್ಟಿಗೆ ಈ ಪುಸ್ತಕ ಉಳಿಯುವುದು ಬ್ರೆಜಿಲ್‌ನಿಂದ. ಐವತ್ತರ ದಶಕದ ಶುರುವಿನಲ್ಲಿ ಅವರು ರಿಯೋದಲ್ಲಿ ಪಾಠ ಮಾಡಿದರು. ಧ್ರುವೀಕರಣ (ಬೆಳಕಿನ ಅಲೆ ಒಂದೇ ದಿಕ್ಕಿನಲ್ಲಿ ಕಂಪಿಸುವುದು) ಅಂದರೇನು, ಬ್ರೂಸ್ಟರ್ ಕೋನ (ಪ್ರತಿಫಲಿಸಿದ ಬೆಳಕು ಪೂರ್ತಿ ಹಾಗಾಗುವ ಕೋನ) ಅಂದರೇನು ಅಂತ ಕೇಳಿದರೆ ಹುಡುಗರು ಟಕಟಕ ಹೇಳುತ್ತಿದ್ದರು. ಕೈಗೆ ಪೋಲರಾಯ್ಡ್ ಹಾಳೆ ಕೊಟ್ಟು ಧ್ರುವೀಕರಿಸಿದ ಬೆಳಕು ತೋರಿಸಿ ಅಂದರೆ ಯಾರಿಗೂ ತಿಳಿಯಲಿಲ್ಲ. ಕಿಟಕಿಯಾಚೆ ಸಮುದ್ರದ ನೀರು ಫಳಫಳ ಹೊಳೆಯುತ್ತಿದೆ! ಪುಸ್ತಕದಲ್ಲಿ ಓದಿದ ‘ಮೇಲ್ಮೈ’ ಅಂದರೆ ಆ ನೀರೂ ಹೌದು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಗೊರೂರಿನ ಹೇಮಾವತಿ ಜಲಾಶಯಕ್ಕೆ ನಿಮ್ಮ ಮಕ್ಕಳನ್ನು ಟೂರ್ ಕರೆದುಕೊಂಡು ಹೋದಾಗ ಒಂದು ಪೋಲರಾಯ್ಡ್ ಕನ್ನಡಕ ಒಯ್ಯಿರಿ. ನೀರಿನ ಹೊಳಪನ್ನು ನೋಡುತ್ತಾ ಕನ್ನಡಕ ತಿರುಗಿಸಿದರೆ ಹೊಳಪು ಮಾಯವಾಗಿ ಮತ್ತೆ ಬರುತ್ತದೆ. ಲಂಬದಿಂದ ಸುಮಾರು 53 ಡಿಗ್ರಿಯಲ್ಲಿ ನೋಡಿದರೆ ಚೆನ್ನಾಗಿ ಕಾಣುತ್ತದೆ. ನೀರಿನ ಬ್ರೂಸ್ಟರ್ ಕೋನ ಅದೇ.

ವರ್ಷದ ಕೊನೆಗೆ ಅವರು ತುಂಬಿದ ಸಭೆಯಲ್ಲಿ, ಇಲ್ಲಿ ವಿಜ್ಞಾನವನ್ನೇ ಕಲಿಸುತ್ತಿಲ್ಲ ಅಂದುಬಿಟ್ಟರು. ಅಲ್ಲಿನವರದೇ ಪಠ್ಯಪುಸ್ತಕ ಎಲ್ಲೋ ತೆರೆದು ಓದಿದರು. ಹರಳನ್ನು ಪುಡಿ ಮಾಡಿದಾಗ ಬರುವ ಬೆಳಕಿಗೆ ಒಂದು ದೊಡ್ಡ ಹೆಸರು, ಅಷ್ಟೇ ವಿವರಣೆ. ಕತ್ತಲಲ್ಲಿ ಇಕ್ಕಳದಿಂದ ಸಕ್ಕರೆ ಗಟ್ಟಿ ಒಡೆದರೆ ನೀಲಿ ಮಿಂಚು ಕಾಣುತ್ತದೆ ಅಂತ ಬರೆದಿದ್ದರೆ ಯಾರಾದರೂ ಮನೆಗೆ ಹೋಗಿ ಮಾಡಿ ನೋಡುತ್ತಿದ್ದರಲ್ಲ ಅಂದರು. ಆಗ ನಡೆದದ್ದೇ ಒಳ್ಳೆಯ ತಮಾಷೆ. ಚೆನ್ನಾಗಿ ಕಲಿತಿದ್ದಾರೆ ಅಂತ ಅವರು ಹೊಗಳಿದ್ದು ಇಬ್ಬರೇ ಹುಡುಗರನ್ನು. ಒಬ್ಬ ಎದ್ದು, ‘ನಾನು ಓದಿದ್ದು ಜರ್ಮನಿಯಲ್ಲಿ, ಈ ವರ್ಷ ಬಂದೆ’ ಅಂದ. ಇನ್ನೊಬ್ಬನ ಕತೆಯೂ ಅಂಥದ್ದೇ. ಹೊಗಳಿಸಿಕೊಂಡ ಪ್ರೊಫೆಸರ್ ಒಬ್ಬರು ಎದ್ದು, ತಾವು ಇಲ್ಲೇ ಓದಿದ್ದು, ಆದರೆ ಯುದ್ಧದ ಕಾಲದಲ್ಲಿ ಪುಣ್ಯಕ್ಕೆ ಮೇಷ್ಟ್ರುಗಳೆಲ್ಲ ಬಿಟ್ಟುಹೋಗಿದ್ದರಿಂದ ತಾವೇ ಓದಿಕೊಂಡು ಕಲಿತೆವು ಎಂದರಂತೆ.

ಗೈಡು, ಕ್ವೆಶ್ಚನ್ ಬ್ಯಾಂಕು, ಸಿಇಟಿ ಕೋಚಿಂಗಿನ ನಮ್ಮ ಊರುಗಳಲ್ಲಿ ಕೂತು ಇದನ್ನು ಓದಿದರೆ ನಗು ಅಲ್ಲೇ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಶಾಲಾ ಪಠ್ಯಪುಸ್ತಕ ಆರಿಸುವ ಸಮಿತಿಯಲ್ಲೂ ಅವರಿದ್ದರು. ಹದಿನೇಳು ಅಡಿ ಉದ್ದದ ಕಪಾಟು ತುಂಬ ಪುಸ್ತಕ ಬಂತು. ಇವರೊಬ್ಬರೇ ಕೂತು ಪೂರ್ತಿ ಓದಿದರು. ಒಂದು ಲೆಕ್ಕದಲ್ಲಿ ಅಪ್ಪ ಮಗ ನೋಡಿದ ನಕ್ಷತ್ರಗಳ ಉಷ್ಣತೆಯನ್ನೆಲ್ಲ ಕೂಡಿಸಬೇಕಿತ್ತು. ಕೂಡಿಸಿ ಏನು ಮಾಡುವುದು? ಇನ್ನೊಂದು ಪುಸ್ತಕ ಸಮಯಕ್ಕೆ ಅಚ್ಚಾಗಿರಲಿಲ್ಲ, ರಟ್ಟಿನೊಳಗೆ ಖಾಲಿ ಹಾಳೆ ಇಟ್ಟು ಕಳಿಸಿದ್ದರು. ಸಮಿತಿಯ ಕೆಲವರು ಅದಕ್ಕೂ ಅಂಕ ಹಾಕಿದ್ದರು, ಅದೂ ಜೊತೆಯ ಪುಸ್ತಕಗಳಿಗಿಂತ ಸ್ವಲ್ಪ ಜಾಸ್ತಿ. ಈ ಕತೆಗಳಲ್ಲಿ ಬೀಗ ತೆಗೆಯುವವರ ಕೈಚಳಕ ಇಲ್ಲ. ಬೇರೆಯವರು ನೋಡದೆ ಬಿಟ್ಟಿದ್ದನ್ನು ಕೂತು ನೋಡಿದರು, ಅಷ್ಟೇ. ನಿಮ್ಮ ಇಂಜಿನಿಯರಿಂಗ್ ಹುಡುಗನಿಗೆ ಮೆಚ್ಚಲು ಇದನ್ನು ತೋರಿಸಿ. ಡ್ರಮ್ಮು, ಬಾರು, ತುಂಟತನ ನಕಲು ಮಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹದಿನೇಳು ಅಡಿ ಓದುವವರು ಸಿಗುವುದಿಲ್ಲ.

ಮಗಳಿಗೆ ಕೊಡುವಾಗ ಮೊದಲ ಪುಟದಿಂದ ಓದಿಸಬೇಡಿ. ಪುಸ್ತಕದ ಕೊನೆಯಲ್ಲಿ 1974ರಲ್ಲಿ ಅವರು ಪಾಠ ಮಾಡುತ್ತಿದ್ದ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯ ಪದವಿ ಸಮಾರಂಭದಲ್ಲಿ ಮಾಡಿದ ಭಾಷಣ ಇದೆ. ಅಲ್ಲಿಂದ ಶುರು ಮಾಡಲಿ. ನಮ್ಮನ್ನು ನಾವು ಮೋಸಗೊಳಿಸಿಕೊಳ್ಳುವುದೇ ಎಲ್ಲಕ್ಕಿಂತ ಸುಲಭ, ಅದಕ್ಕೇ ವಿಜ್ಞಾನದಲ್ಲಿ ಮೊದಲು ನಮ್ಮನ್ನೇ ಅನುಮಾನಿಸಬೇಕು ಅನ್ನುವ ಮಾತು ಅಲ್ಲಿದೆ. ಅದನ್ನು ಓದಿಕೊಂಡು ಉಳಿದ ಕತೆಗಳಿಗೆ ಬಂದರೆ ಹೇಳುವವರನ್ನೂ ಅದೇ ಅಳತೆಯಲ್ಲಿ ನೋಡುತ್ತಾಳೆ. ಆಮೇಲೆ ಬ್ರೆಜಿಲ್, ಪಠ್ಯಪುಸ್ತಕ, ಲಾಸ್ ಅಲಮೋಸ್. ಬಾರಿನ ಅಧ್ಯಾಯ ಹರಿದು ಹಾಕಬೇಡಿ, ಬಚ್ಚಿಡಬೇಡಿ. ನೀವಿಬ್ಬರೂ ಒಟ್ಟಿಗೆ ಓದಿ, ನಿಮಗೆ ಯಾಕೆ ಸಿಟ್ಟು ಬಂತು ಅಂತ ಹೇಳಿ.

ಆ ಭಾಷಣದಲ್ಲಿ ಮಿಲಿಕನ್ ಅವರ ಎಣ್ಣೆ ಹನಿ ಪ್ರಯೋಗದ ಪ್ರಸ್ತಾಪ ಇದೆ. ಮಗಳು ಪಿಯುಸಿಯಲ್ಲಿ ಆ ಹೆಸರು ಕೇಳಿಯೇ ಇರುತ್ತಾಳೆ. ಮಿಲಿಕನ್ ಗಾಳಿಯ ಸ್ನಿಗ್ಧತೆಗೆ ತುಸು ತಪ್ಪು ಬೆಲೆ ಬಳಸಿದ್ದರಿಂದ ಎಲೆಕ್ಟ್ರಾನಿನ ವಿದ್ಯುದಂಶ ಸ್ವಲ್ಪ ಕಡಿಮೆ ಬಂತು. ಆಮೇಲೆ ಅಳೆದವರು ಒಂದೇ ಸಲಕ್ಕೆ ಸರಿಯಾದ ಬೆಲೆಗೆ ಹೋಗಲಿಲ್ಲ. ಒಬ್ಬರು ಕೊಂಚ ಜಾಸ್ತಿ, ಮುಂದಿನವರು ಇನ್ನೂ ಕೊಂಚ ಜಾಸ್ತಿ. ಮಿಲಿಕನ್ ಸಂಖ್ಯೆಗಿಂತ ತೀರಾ ದೂರ ಬಂದರೆ ತಮ್ಮಲ್ಲೇ ತಪ್ಪು ಹುಡುಕುತ್ತಿದ್ದರು, ಹತ್ತಿರ ಬಂದರೆ ಹುಡುಕುತ್ತಿರಲಿಲ್ಲ. ಲ್ಯಾಬಿನಲ್ಲಿ ‘ಬರಬೇಕಾದ’ ರೀಡಿಂಗ್ ಬರೆದುಕೊಂಡು ಬರುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಮಗಳ ರೆಕಾರ್ಡ್ ಪುಸ್ತಕ ತರಿಸಿ, ಈ ಭಾಗವನ್ನು ಅದರ ಪಕ್ಕದಲ್ಲೇ ಇಟ್ಟು ಓದಿಸಿ.